ವ್ಯಸನಿಗೆ ಬೇಕಾದುದು ಜೈಲೋ, ಚಿಕಿತ್ಸೆಯೋ? ಪೋರ್ಚುಗಲ್ ನಡೆದ ದಾರಿ

ಮನೆಯ ಮಗನೊಬ್ಬ ಮಾದಕ ವಸ್ತುವಿನ ಚಟಕ್ಕೆ ಬಿದ್ದಿದ್ದಾನೆಂದು ತಿಳಿದಾಗ ತಾಯಿಯನ್ನು ಎರಡು ಭಯಗಳು ಕಾಡುತ್ತವೆ. ಈ ವಿಷ ಅವನ ಜೀವ ತೆಗೆದೀತು ಎಂಬುದು ಒಂದು ಭಯ. ವಿಷಯ ಹೊರಗೆ ಗೊತ್ತಾದರೆ ಪೊಲೀಸರು ಅವನನ್ನು ಎಳೆದೊಯ್ದಾರು ಎಂಬುದು ಇನ್ನೊಂದು. ಈ ಎರಡನೆಯ ಭಯ ದೊಡ್ಡದಾದಾಗ ಆಕೆ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ. ಮಗ ಕೇಳಿದಾಗಲೆಲ್ಲ ಹಣ ಕೊಡುತ್ತಾಳೆ, ಗಂಡನಿಂದ ಮುಚ್ಚಿಡುತ್ತಾಳೆ, ನೆಂಟರ ಮುಂದೆ ಸುಳ್ಳು ಹೇಳುತ್ತಾಳೆ. ಕೊನೆಗೆ ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಈ ತಾಯಿಯ ಎರಡನೆಯ ಭಯವನ್ನು ಕಾನೂನೇ ದೂರ ಮಾಡಿದರೆ ಏನಾಗುತ್ತದೆ? ಹೆದರಿಕೆ ಇಲ್ಲವೆಂದು ಇನ್ನಷ್ಟು ಯುವಕರು ಕೆಡುತ್ತಾರೆಯೇ? ಅಥವಾ ಕೆಟ್ಟವರು ಬೇಗ ಚಿಕಿತ್ಸೆಗೆ ಬರುತ್ತಾರೆಯೇ? ಜೈಲುಗಳು ಖಾಲಿಯಾಗುತ್ತವೆಯೇ? ಈ ಪ್ರಶ್ನೆಗಳಿಗೆ ಊಹೆಯಿಂದ ಉತ್ತರ ಹುಡುಕಬೇಕಾಗಿಲ್ಲ. ಯುರೋಪಿನ ಒಂದು ಸಣ್ಣ ದೇಶ ಪೋರ್ಚುಗಲ್ 2001ರಲ್ಲೇ ಈ ಹಾದಿ ಹಿಡಿಯಿತು. ಎರಡು ದಶಕಗಳಿಗೂ ಮಿಕ್ಕಿದ ಅದರ ಅನುಭವ ನಮ್ಮ ಮುಂದಿದೆ.

ನಶೆ ಹರಾಮ್ ಎಂಬ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಮಾತಿಲ್ಲ. ಈ ಲೇಖನದ ಪ್ರಶ್ನೆ ಬೇರೆ. ಆ ಕೆಡುಕಿಗೆ ಸಿಲುಕಿಕೊಂಡವನನ್ನು ಹೊರಗೆ ತರುವ ಬಾಗಿಲು ಯಾವುದು, ಜೈಲಿನದ್ದೋ ಆಸ್ಪತ್ರೆಯದ್ದೋ ಎಂಬುದೇ ಇಲ್ಲಿಯ ಪ್ರಶ್ನೆ.

ಮನೆಮನೆಗೆ ನುಗ್ಗಿದ ಹೆರಾಯಿನ್

ಪೋರ್ಚುಗಲ್ ಸುಮಾರು ಒಂದು ಕೋಟಿ ಜನಸಂಖ್ಯೆಯ ದೇಶ. ಸರ್ವಾಧಿಕಾರಿ ಸಲಜಾರ್ ಮತ್ತು ಆತನ ಉತ್ತರಾಧಿಕಾರಿಯ ಆಡಳಿತದಲ್ಲಿ ಅದು ದಶಕಗಳ ಕಾಲ ಹೊರಜಗತ್ತಿಗೆ ಹೆಚ್ಚುಕಡಿಮೆ ಮುಚ್ಚಿಕೊಂಡೇ ಇತ್ತು. 1974ರ ಏಪ್ರಿಲ್ 25ರಂದು ಆ ಆಡಳಿತ ಉರುಳಿತು. ಆಫ್ರಿಕಾದ ವಸಾಹತುಗಳಲ್ಲಿ ಯುದ್ಧ ಮಾಡುತ್ತಿದ್ದ ಸೈನಿಕರು ಊರಿಗೆ ಮರಳಿದರು. ಕೆಲವರು ತಮ್ಮೊಂದಿಗೆ ಗಾಂಜಾದ ಅಭ್ಯಾಸವನ್ನೂ ತಂದರು. ಹೊಸ ಸ್ವಾತಂತ್ರ್ಯದ ಗಾಳಿಯೊಂದಿಗೆ ಹೊಸ ಚಟಗಳೂ ಒಳಬಂದವು. ಅವುಗಳ ಕುರಿತು ಏನೂ ತಿಳಿಯದಿದ್ದ ಸಮಾಜ ಅವುಗಳಿಗೆ ಸುಲಭವಾಗಿ ಬಲಿಯಾಯಿತು. ಎಪ್ಪತ್ತರ ದಶಕದ ಕೊನೆಯ ವೇಳೆಗೆ ಹೆರಾಯಿನ್ ಬಂತು.

ತೊಂಬತ್ತರ ದಶಕದಲ್ಲಿ ಪರಿಸ್ಥಿತಿ ಕೈಮೀರಿತು. ಸುಮಾರು ಒಂದು ಲಕ್ಷ ಮಂದಿ, ಅಂದರೆ ನೂರರಲ್ಲಿ ಒಬ್ಬರು ಹೆರಾಯಿನ್‌ನ ದಾಸರಾಗಿದ್ದಾರೆಂದು ಅಂದಾಜಿಸಲಾಯಿತು. ರಾಜಧಾನಿ ಲಿಸ್ಬನ್‌ನ ಕಸಾಲ್ ವೆಂತೋಸೊ ಎಂಬ ಬಡವರ ಬಡಾವಣೆಯಲ್ಲಿ ಹಾಡುಹಗಲೇ ಮಾದಕ ವಸ್ತುಗಳ ಸಂತೆ ನಡೆಯುತ್ತಿತ್ತು. ಒಂದೇ ಸೂಜಿಯನ್ನು ಹಲವರು ಚುಚ್ಚಿಕೊಳ್ಳುತ್ತಿದ್ದುದರಿಂದ ಏಡ್ಸ್ ಹರಡಿತು. ಬಡವರು, ಶ್ರೀಮಂತರು, ಓದಿದವರು, ಓದದವರು ಎಂಬ ಭೇದವಿರಲಿಲ್ಲ. ತಮ್ಮ ಕುಟುಂಬದಲ್ಲೋ ನೆರೆಮನೆಯಲ್ಲೋ ಒಬ್ಬ ವ್ಯಸನಿಯನ್ನು ಕಾಣದವರು ವಿರಳವಾಗಿದ್ದರು. ಜನರ ಮನಸ್ಸು ಬದಲಾಗಲು ಇದು ದೊಡ್ಡ ಕಾರಣವಾಯಿತು. 'ಅವರು ಕ್ರಿಮಿನಲ್‌ಗಳು' ಎನ್ನುತ್ತಿದ್ದವರಿಗೆ ಆ ಕ್ರಿಮಿನಲ್ ತಮ್ಮ ತಂಗಿಯ ಮಗನೆಂದು ತಿಳಿದಾಗ ಮಾತು ಮೆತ್ತಗಾಯಿತು.

ಸೆರೆಮನೆಯೊಳಗೆ ತಾಯಂದಿರು

ಆಗ ಸರಕಾರ ಮಾಡಿದ್ದು ಎಲ್ಲ ಸರಕಾರಗಳೂ ಮಾಡುವುದನ್ನೇ. ಪೊಲೀಸರು ಹಿಡಿದರು, ನ್ಯಾಯಾಲಯಗಳು ಶಿಕ್ಷಿಸಿದವು, ಜೈಲುಗಳು ತುಂಬಿದವು. 1999ರಲ್ಲಿ ಪೋರ್ಚುಗಲ್‌ನ ಕೈದಿಗಳಲ್ಲಿ ನೂರಕ್ಕೆ 44 ಮಂದಿ ಮಾದಕ ವಸ್ತುಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಒಳಗಿದ್ದರು. 2001ರಲ್ಲಿ ನೂರು ಮಂದಿ ಇರಬೇಕಾದ ಜಾಗದಲ್ಲಿ 119 ಮಂದಿಯನ್ನು ತುಂಬಲಾಗಿತ್ತು.

ಮಹಿಳೆಯರ ಸ್ಥಿತಿ ಇನ್ನೂ ಕರುಣಾಜನಕವಾಗಿತ್ತು. ಲಿಸ್ಬನ್ ಬಳಿಯ ಟಿರೆಸ್ ಎಂಬಲ್ಲಿ ದೇಶದ ಮುಖ್ಯ ಮಹಿಳಾ ಕಾರಾಗೃಹವಿದೆ. ಮಾನವಶಾಸ್ತ್ರಜ್ಞೆ ಮನುಯೆಲಾ ಇವೊನೆ ಕುನ್ಯಾ ಅಲ್ಲಿನ ಮಹಿಳೆಯರ ನಡುವೆ ದೀರ್ಘಕಾಲ ಅಧ್ಯಯನ ನಡೆಸಿದರು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಅಲ್ಲಿದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಹಿಳೆಯರು ಮಾದಕ ವಸ್ತು ಪ್ರಕರಣಗಳಲ್ಲಿ ಬಂದವರಾಗಿದ್ದರು. ಹತ್ತು ವರ್ಷಗಳ ಹಿಂದೆ ಆ ಪ್ರಮಾಣ ಇದರ ಅರ್ಧದಷ್ಟಿತ್ತು. ಅವರಲ್ಲಿ ಹೆಚ್ಚಿನವರು ಬಡ ಬಡಾವಣೆಗಳಲ್ಲಿ ಚಿಲ್ಲರೆಯಾಗಿ ಮಾರುವಾಗ ಸಿಕ್ಕಿಬಿದ್ದವರು. ಒಂದೇ ಕೇರಿಯ ತಾಯಿ, ಮಗಳು, ಚಿಕ್ಕಮ್ಮ, ಅಜ್ಜಿ, ಪಕ್ಕದ ಮನೆಯಾಕೆ ಎಲ್ಲರೂ ಒಂದೇ ಜೈಲಿನಲ್ಲಿದ್ದರು. ಒಬ್ಬಳು ಜೈಲಿಗೆ ಹೋದರೆ ಅವಳ ಮಕ್ಕಳನ್ನು ಅಜ್ಜಿ ನೋಡಿಕೊಳ್ಳುತ್ತಾಳೆ. ಅಜ್ಜಿಯೂ ಜೈಲಿಗೆ ಹೋದರೆ ಮಕ್ಕಳನ್ನು ನೋಡುವವರಾರು? ಕಾನೂನಿನ ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಪುಟ್ಟ ಮಕ್ಕಳಿಗೆ ತಾಯಿಯ ಜೊತೆಗೆ ಜೈಲಿನಲ್ಲೇ ಇರಲು ಅಲ್ಲಿ ಅವಕಾಶವಿದೆ. ಅಂದರೆ ಏನೂ ಅರಿಯದ ಕಂದಮ್ಮಗಳ ಮೊದಲ ಹೆಜ್ಜೆ ಜೈಲಿನ ಗೋಡೆಗಳ ನಡುವೆ!

ಇಷ್ಟೆಲ್ಲ ಮಾಡಿದರೂ ಹೊರಗೆ ಹೆರಾಯಿನ್ ಕಡಿಮೆಯಾಗಲಿಲ್ಲ.

ಕಾನೂನು ಬದಲಾಯಿತು

1998ರಲ್ಲಿ ಸರಕಾರ ಒಂದು ತಜ್ಞರ ಸಮಿತಿಯನ್ನು ರಚಿಸಿತು. ವಿಜ್ಞಾನಿ ಅಲೆಕ್ಸಾಂದ್ರೆ ಕ್ವಿಂತಾನಿಲ್ಯಾ ಅದರ ಅಧ್ಯಕ್ಷರು. ದಕ್ಷಿಣದ ಅಲ್ಗಾರ್ವ್ ಪ್ರಾಂತ್ಯದಲ್ಲಿ ಕುಟುಂಬ ವೈದ್ಯರಾಗಿದ್ದು ವ್ಯಸನಿಗಳ ಚಿಕಿತ್ಸೆಯಲ್ಲಿ ತೊಡಗಿದ್ದ ಡಾ. ಜೊವಾವ್ ಗೊಲಾವ್ ಅದರಲ್ಲಿ ಒಬ್ಬ ಸದಸ್ಯರು. ಮುಂದೆ ಈ ನೀತಿಯನ್ನು ದೀರ್ಘಕಾಲ ಮುನ್ನಡೆಸಿದವರೂ ಅವರೇ. ಆಗ ದೇಶದ ಪ್ರಧಾನಿಯಾಗಿದ್ದವರು ಆಂಟೋನಿಯೊ ಗುಟೆರಸ್. 2017ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದವರು ಇವರೇ. ವ್ಯಸನಿಯನ್ನು ಅಪರಾಧಿಯಂತಲ್ಲ, ರೋಗಿಯಂತೆ ಕಾಣಬೇಕೆಂಬುದು ಸಮಿತಿಯ ಶಿಫಾರಸ್ಸಿನ ಸಾರವಾಗಿತ್ತು. ಅದರ ಆಧಾರದಲ್ಲಿ 2000ದ ನವೆಂಬರ್‌ನಲ್ಲಿ ಹೊಸ ಕಾನೂನು ಬಂತು. 2001ರ ಜುಲೈ 1ರಂದು ಅದು ಜಾರಿಯಾಯಿತು.

ಇಲ್ಲೊಂದು ತಪ್ಪು ತಿಳುವಳಿಕೆ ಬಹಳ ಕಡೆ ಇದೆ. ಪೋರ್ಚುಗಲ್‌ನಲ್ಲಿ ಮಾದಕ ವಸ್ತುಗಳನ್ನು ಕಾನೂನುಬದ್ಧಗೊಳಿಸಲಾಗಿದೆ ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಅಲ್ಲಿ ಹೆರಾಯಿನ್, ಕೊಕೇನ್, ಗಾಂಜಾ ಎಲ್ಲವೂ ಇಂದಿಗೂ ನಿಷಿದ್ಧವೇ. ಮಾರುವವನಿಗೆ, ಸಾಗಿಸುವವನಿಗೆ ಹಿಂದಿನಂತೆಯೇ ಜೈಲು. ಸಾಮಾನ್ಯ ಸಾಗಾಟ ಪ್ರಕರಣಗಳಲ್ಲೇ ನಾಲ್ಕರಿಂದ ಹನ್ನೆರಡು ವರ್ಷಗಳ ಶಿಕ್ಷೆಯಿದೆ. ಬದಲಾದದ್ದು ಒಂದೇ ವಿಷಯ. ಸ್ವಂತ ಬಳಕೆಗಾಗಿ ಹತ್ತು ದಿನಗಳಿಗೆ ಸಾಲುವಷ್ಟರ ಒಳಗೆ ಇಟ್ಟುಕೊಂಡು ಸಿಕ್ಕಿಬಿದ್ದವನು ಅಪರಾಧಿಯಲ್ಲ. ಹೆರಾಯಿನ್‌ಗೆ ಒಂದು ಗ್ರಾಂ, ಕೊಕೇನ್‌ಗೆ ಎರಡು ಗ್ರಾಂ, ಗಾಂಜಾ ಸೊಪ್ಪಿಗೆ 25 ಗ್ರಾಂ ಎಂಬುದು ಈ ಅಳತೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದವನು ನಿಯಮ ಮುರಿದವನೇ ಹೌದು, ದಂಡ ಕಟ್ಟಬೇಕು. ಆದರೆ ಅವನನ್ನು ಯಾರೂ ಕ್ರಿಮಿನಲ್ ಎನ್ನುವುದಿಲ್ಲ, ಜೈಲಿಗೂ ಕಳುಹಿಸುವುದಿಲ್ಲ. ಸುಮಾರಾಗಿ ಹಾಗೆಯೇ ಇದು.

ಪೊಲೀಸ್ ಠಾಣೆಯಿಂದ ಆಯೋಗದ ಕೋಣೆಗೆ

ಪೊಲೀಸರ ಕೈಗೆ ಸಿಕ್ಕಿದ ವ್ಯಸನಿಯ ಗತಿ ಏನು? ಅವನನ್ನು ಸುಮ್ಮನೆ ಬಿಟ್ಟುಬಿಡುವುದಿಲ್ಲ. ಪೊಲೀಸರು ಅವನ ಬಳಿಯಿರುವ ವಸ್ತುವನ್ನು ವಶಪಡಿಸಿಕೊಂಡು, ಒಂದು ಆಯೋಗದ ಮುಂದೆ ಹಾಜರಾಗುವಂತೆ ಚೀಟಿ ಕೊಡುತ್ತಾರೆ. ವ್ಯಸನದಿಂದ ಬಿಡಿಸಲು ಮನವೊಲಿಸುವುದೇ ಈ ಆಯೋಗದ ಕೆಲಸ. ದೇಶದ 18 ಜಿಲ್ಲೆಗಳಲ್ಲಿಯೂ ದ್ವೀಪ ಪ್ರದೇಶಗಳಲ್ಲಿಯೂ ಇಂತಹ ಆಯೋಗಗಳಿವೆ. ಅವು ಆರೋಗ್ಯ ಇಲಾಖೆಯ ಅಡಿಯಲ್ಲಿವೆ, ನ್ಯಾಯಾಂಗದ ಅಡಿಯಲ್ಲಲ್ಲ. ಒಂದೊಂದರಲ್ಲಿ ಮೂವರು ಸದಸ್ಯರು. ಒಬ್ಬರು ಕಾನೂನು ಬಲ್ಲವರು, ಉಳಿದವರು ವೈದ್ಯಕೀಯ, ಮನಶ್ಶಾಸ್ತ್ರ, ಸಮಾಜಸೇವೆ ಮುಂತಾದ ಕ್ಷೇತ್ರಗಳವರು. ಅಲ್ಲಿ ಕಟಕಟೆ ಇಲ್ಲ, ಕರಿಕೋಟಿಲ್ಲ. ಮೇಜಿನ ಸುತ್ತ ಕೂತು ಮಾತುಕತೆ ನಡೆಯುತ್ತದೆ.

ಅವರು ಮೊದಲು ತಿಳಿಯಬಯಸುವುದು, ಈತ ಚಟಕ್ಕೆ ದಾಸನಾಗಿದ್ದಾನೆಯೇ ಅಥವಾ ಗೆಳೆಯರ ಸಹವಾಸದಿಂದ ಒಮ್ಮೆ ಇಮ್ಮೆ ಸೇದಿದವನೇ ಎಂಬುದನ್ನು. ಮೊದಲ ಬಾರಿ ಬಂದವನನ್ನು, ದಾಸನಾಗದವನನ್ನು ಎಚ್ಚರಿಸಿ, ಪ್ರಕರಣವನ್ನು ತಡೆಹಿಡಿದು ಕಳುಹಿಸುತ್ತಾರೆ. ಮತ್ತೆ ಬಂದರೆ ದಂಡ ಹಾಕಬಹುದು. ಕೆಲವು ಸ್ಥಳಗಳಿಗೆ ಹೋಗಬಾರದು, ಕೆಲವರ ಜೊತೆ ಸೇರಬಾರದು, ನಿಗದಿತ ದಿನಗಳಲ್ಲಿ ಬಂದು ಹಾಜರಿ ಹಾಕಬೇಕು ಎಂದು ಕಟ್ಟುಪಾಡು ವಿಧಿಸಬಹುದು. ಆದರೆ ಚಟಕ್ಕೆ ದಾಸನಾದವನಿಗೆ ಹಣದ ದಂಡ ಹಾಕುವಂತಿಲ್ಲ. ಏಕೆಂದರೆ ಆ ಹಣಕ್ಕಾಗಿ ಅವನು ಮನೆಯ ಪಾತ್ರೆಯನ್ನೋ ತಾಯಿಯ ಒಡವೆಯನ್ನೋ ಮಾರಿಯಾನು. ಅವನು ಚಿಕಿತ್ಸೆಗೆ ಒಪ್ಪಿದರೆ ಪ್ರಕರಣ ಅಲ್ಲಿಗೆ ನಿಲ್ಲುತ್ತದೆ.

ಇಷ್ಟೇ ಆಗಿದ್ದರೆ ಈ ಕಾನೂನಿನಿಂದ ಹೆಚ್ಚಿನ ಪ್ರಯೋಜನ ಆಗುತ್ತಿರಲಿಲ್ಲ. ಅದರ ಜೊತೆಗೆ ಸರಕಾರ ಚಿಕಿತ್ಸಾ ಕೇಂದ್ರಗಳನ್ನು ಹೆಚ್ಚಿಸಿತು. ಹೆರಾಯಿನ್ ಬಿಟ್ಟವರ ಸಂಕಟ ತಗ್ಗಿಸುವ ಮೆಥಡೋನ್ ಎಂಬ ಔಷಧಿಯನ್ನು ಲಿಸ್ಬನ್‌ನಲ್ಲಿ ವ್ಯಾನುಗಳಲ್ಲಿ ಬೀದಿಗೇ ತಂದು ಕೊಟ್ಟಿತು. ಬಳಸಿದ ಸೂಜಿಯ ಬದಲು ಹೊಸ ಸೂಜಿ ಕೊಡುವ ಏರ್ಪಾಡು 1993ರಿಂದಲೇ ಔಷಧಿ ಅಂಗಡಿಗಳಲ್ಲಿತ್ತು, ಅದು ಮುಂದುವರಿಯಿತು. ಚಟ ಬಿಟ್ಟವರಿಗೆ ಕೆಲಸ ಕೊಡುವ ಮಾಲಕರಿಗೆ ಸಂಬಳದ ಒಂದು ಪಾಲನ್ನು ಸರಕಾರವೇ ಭರಿಸುವ ಯೋಜನೆಯೂ ಇತ್ತು. ಚಿಕಿತ್ಸೆಯಿಂದ ಹೊರಬಂದವನಿಗೆ ಕೆಲಸವಿಲ್ಲದಿದ್ದರೆ ಅವನು ಹಳೆಯ ಗೆಳೆಯರ ಬಳಿಗೇ ಹೋಗುತ್ತಾನೆ ಎಂಬುದನ್ನು ಅವರು ಅರಿತಿದ್ದರು.

ಜೈಲುಗಳ ಲೆಕ್ಕ

ಈಗ ಫಲಿತಾಂಶಕ್ಕೆ ಬರೋಣ. 2000ದಲ್ಲಿ ಮಾದಕ ವಸ್ತು ಪ್ರಕರಣಗಳಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ಕ್ರಿಮಿನಲ್ ಆರೋಪ ಎದುರಿಸಿದ್ದರು. ಹೊಸ ಕಾನೂನಿನ ನಂತರದ ವರ್ಷಗಳಲ್ಲಿ ಈ ಸಂಖ್ಯೆ ಐದಾರು ಸಾವಿರಕ್ಕಿಳಿಯಿತು. ಜೈಲಿನಲ್ಲಿ 1999ರಲ್ಲಿ ನೂರಕ್ಕೆ 44ರಷ್ಟಿದ್ದ ಮಾದಕ ವಸ್ತು ಪ್ರಕರಣಗಳ ಕೈದಿಗಳ ಪಾಲು 2008ರ ವೇಳೆಗೆ 21ಕ್ಕೂ, 2019ರಲ್ಲಿ 16ರ ಆಸುಪಾಸಿಗೂ ಇಳಿಯಿತು. ಒಂದು ಕಾಲದಲ್ಲಿ ಯುರೋಪಿನ ಸರಾಸರಿಗಿಂತ ಬಹಳ ಮೇಲಿದ್ದ ದೇಶ ಈಗ ಅದಕ್ಕಿಂತ ಕೆಳಗೆ ಬಂತು. ನೂರರ ಜಾಗದಲ್ಲಿ 119 ಮಂದಿಯಿದ್ದ ಇಕ್ಕಟ್ಟು 2005ರಲ್ಲಿ 101ರ ಸುಮಾರಿಗೆ ತಗ್ಗಿತು.

ಆದರೆ ಪೂರ್ತಿ ಸತ್ಯ ಇಷ್ಟು ಸರಳವಾಗಿಲ್ಲ. ಹಳೆಯ ಕಾನೂನಿನಲ್ಲೂ ಬರೇ ಸೇವಿಸಿದ ಕಾರಣಕ್ಕೆ ಜೈಲಿಗೆ ಹೋದವರು ಹೆಚ್ಚಿರಲಿಲ್ಲ. ನ್ಯಾಯಾಲಯಗಳು ಅಂಥವರಲ್ಲಿ ಬಹುಪಾಲು ಮಂದಿಗೆ ದಂಡ ಹಾಕಿ ಬಿಡುತ್ತಿದ್ದವು. ಹಾಗಾದರೆ ಜೈಲಿನಲ್ಲಿದ್ದವರು ಯಾರು? ತನ್ನ ಚಟಕ್ಕೆ ಹಣ ಹೊಂದಿಸಲು ಚಿಲ್ಲರೆಯಾಗಿ ಮಾರಿದವನು, ಕಳ್ಳತನ ಮಾಡಿದವನು. ಇವರ ಕೈಗೆ ಜೈಲಿಗಿಂತ ಮೊದಲು ಚಿಕಿತ್ಸೆ ದೊರೆತಾಗ ಮಾರುವ, ಕದಿಯುವ ಅಗತ್ಯವೇ ಕಡಿಮೆಯಾಗುತ್ತದೆ. ಪೊಲೀಸರ ಸಮಯವೂ ಉಳಿಯುತ್ತದೆ, ಅದು ದೊಡ್ಡ ಸಾಗಾಟಗಾರರ ಕಡೆ ತಿರುಗುತ್ತದೆ. 2010ರಲ್ಲಿ ಈ ಬಗ್ಗೆ ಅಧ್ಯಯನ ಪ್ರಕಟಿಸಿದ ಕ್ಯಾಟ್ಲಿನ್ ಹ್ಯೂಸ್ ಮತ್ತು ಅಲೆಕ್ಸ್ ಸ್ಟೀವನ್ಸ್ ಎಂಬ ಸಂಶೋಧಕರು, ನ್ಯಾಯಾಲಯ ಮತ್ತು ಜೈಲುಗಳ ಮೇಲಿನ ಹೊರೆ ತಗ್ಗಿದ್ದನ್ನು ಗುರುತಿಸಿದರು. ಕಾನೂನಿನ ಬದಲಾವಣೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು, ಚಿಕಿತ್ಸೆಯ ವಿಸ್ತರಣೆಯ ಪಾಲೂ ಇದೆ ಎಂಬುದು ಅವರ ಎಚ್ಚರಿಕೆಯಾಗಿತ್ತು.

ಇನ್ನೊಂದು ಮಾತು. ಒಟ್ಟು ಕೈದಿಗಳ ಸಂಖ್ಯೆ ಶಾಶ್ವತವಾಗಿ ಇಳಿಯಲಿಲ್ಲ. 2001ರಲ್ಲಿ ಸುಮಾರು 13 ಸಾವಿರವಿದ್ದುದು 2008ರಲ್ಲಿ 11 ಸಾವಿರದ ಒಳಗೆ ಬಂತು. ಆದರೆ 2013ರಲ್ಲಿ 14 ಸಾವಿರ ದಾಟಿತು, ಬಳಿಕ ಮತ್ತೆ ಇಳಿಯಿತು. ಬೇರೆ ಅಪರಾಧಗಳೂ ಶಿಕ್ಷೆಯ ಅವಧಿಯೂ ಜೈಲನ್ನು ತುಂಬುತ್ತವೆ. ಪೋರ್ಚುಗಲ್‌ನ ಕೈದಿಗಳು ಒಳಗೆ ಕಳೆಯುವ ಸರಾಸರಿ ಕಾಲ ಯುರೋಪಿನಲ್ಲೇ ದೀರ್ಘವಾದವುಗಳಲ್ಲಿ ಒಂದು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹತ್ತು ದಿನಗಳ ಅಳತೆ ಮೀರಿದರೆ ಸ್ವಂತ ಬಳಕೆಗಾದರೂ ಅದು ಅಪರಾಧವೇ ಎಂದು ತೀರ್ಪು ಕೊಟ್ಟಿತು. ಇದರಿಂದ ಕೆಲವು ವ್ಯಸನಿಗಳು ಮತ್ತೆ ಕ್ರಿಮಿನಲ್ ನ್ಯಾಯಾಲಯದ ಮೆಟ್ಟಿಲೇರಿದರು. ಸ್ವಂತ ಬಳಕೆಗೆಂದು ಸಾಬೀತಾದರೆ ಅಳತೆ ಮೀರಿದ ಮಾತ್ರಕ್ಕೆ ಅಪರಾಧವಾಗದೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು.

ಜೀವಗಳ ಲೆಕ್ಕವನ್ನೂ ನೋಡಬೇಕು. 2001ರಲ್ಲಿ ಚುಚ್ಚುಮದ್ದಿನ ಚಟದಿಂದ ಹೊಸದಾಗಿ ಎಚ್‌ಐವಿ ಸೋಂಕು ತಗಲಿದವರು ಒಂದು ಸಾವಿರಕ್ಕೂ ಹೆಚ್ಚು. 2019ರಲ್ಲಿ ಆ ಸಂಖ್ಯೆ 16! ಜೈಲಿನ ಅಂಕಿಗಳಿಗಿಂತಲೂ ಇದು ದೊಡ್ಡ ಸಾಧನೆ. ಕಾನೂನು ಸಡಿಲಾದರೆ ಯುವಕರೆಲ್ಲ ಹಾಳಾಗುತ್ತಾರೆಂದು ವಿರೋಧಿಗಳು ಹೆದರಿದ್ದರು. ಅಂತಹ ಪ್ರಳಯವೇನೂ ಆಗಲಿಲ್ಲ.

ಬಾಗಿಲು ತೆರೆದು ದೀಪ ಹಚ್ಚದಿದ್ದರೆ

ಕಾನೂನು ಬದಲಾಯಿಸಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬಿದವರಿಗೆ ಅಮೆರಿಕದ ಒರೆಗಾನ್ ರಾಜ್ಯ ಒಂದು ಪಾಠ. 2020ರ ನವೆಂಬರ್‌ನಲ್ಲಿ ಅಲ್ಲಿ ಜನಮತ ನಡೆಯಿತು. ನೂರರಲ್ಲಿ 58 ಮಂದಿ ಪರವಾಗಿ ಮತ ಹಾಕಿದರು. 2021ರ ಫೆಬ್ರವರಿಯಿಂದ ಸ್ವಂತ ಬಳಕೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವನಿಗೆ ನೂರು ಡಾಲರ್ ದಂಡದ ಚೀಟಿ ಮಾತ್ರ. ಒಂದು ಸಹಾಯವಾಣಿಗೆ ಫೋನ್ ಮಾಡಿ ಆರೋಗ್ಯ ತಪಾಸಣೆಗೆ ಒಪ್ಪಿದರೆ ಆ ದಂಡವೂ ಮಾಫಿ. ಆದರೆ ಚೀಟಿ ಪಡೆದವರಲ್ಲಿ ಫೋನ್ ಮಾಡಿದವರು ಬೆರಳೆಣಿಕೆಯಷ್ಟು. ಪೋರ್ಚುಗಲ್‌ನಲ್ಲಿದ್ದಂತೆ ಎದುರು ಕೂರಿಸಿ ಮಾತನಾಡುವ ಆಯೋಗ ಅಲ್ಲಿರಲಿಲ್ಲ. ಚಿಕಿತ್ಸೆಗೆಂದು ಮೀಸಲಿಟ್ಟ ಹಣ ಸಕಾಲಕ್ಕೆ ಕೇಂದ್ರಗಳಿಗೆ ತಲಪಲಿಲ್ಲ. ಅದೇ ಸಮಯದಲ್ಲಿ ಫೆಂಟನಿಲ್ ಎಂಬ, ಹೆರಾಯಿನ್‌ಗಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ವಿಷ ಆ ರಾಜ್ಯಕ್ಕೆ ನುಗ್ಗಿತು. ಬೀದಿಗಳಲ್ಲಿ ಬಹಿರಂಗ ಸೇವನೆ ಕಂಡು ಜನ ರೋಸಿಹೋದರು. 2024ರ ಸೆಪ್ಟೆಂಬರ್ 1ರಿಂದ ಒರೆಗಾನ್ ಅದನ್ನು ಮತ್ತೆ ಅಪರಾಧವೆಂದು ಮಾಡಿತು.

ಪೋರ್ಚುಗಲ್ ಕೂಡ ಇದರ ರುಚಿ ಸ್ವಲ್ಪ ಕಂಡಿದೆ. ಆರ್ಥಿಕ ಬಿಕ್ಕಟ್ಟಿನ ಬಳಿಕ 2012ರಲ್ಲಿ ಮಾದಕ ವ್ಯಸನಕ್ಕಾಗಿಯೇ ಇದ್ದ ರಾಷ್ಟ್ರೀಯ ಸಂಸ್ಥೆಯನ್ನು ವಿಸರ್ಜಿಸಿ ಚಿಕಿತ್ಸಾ ಸೇವೆಗಳನ್ನು ಪ್ರಾದೇಶಿಕ ಆರೋಗ್ಯ ಆಡಳಿತಗಳಿಗೆ ಹಂಚಲಾಯಿತು. ಹಣ ಕಡಿತವಾಯಿತು, ಸೇವೆ ಚದುರಿತು. ಮುಂದಿನ ವರ್ಷಗಳಲ್ಲಿ ಪೋರ್ಟೊ ಮತ್ತು ಲಿಸ್ಬನ್ ನಗರಗಳ ಬೀದಿಗಳಲ್ಲಿ ವ್ಯಸನಿಗಳು ಮತ್ತೆ ಎದ್ದುಕಾಣತೊಡಗಿದರು. ಆಗ ಸರಕಾರ ಸೇವೆಗಳನ್ನು ಪುನಃ ಒಂದೇ ಸಂಸ್ಥೆಯ ಕೆಳಗೆ ತರಬೇಕಾಯಿತು. ಜೈಲಿನ ಬಾಗಿಲು ಮುಚ್ಚಿದವರು ಆಸ್ಪತ್ರೆಯ ಬಾಗಿಲನ್ನು ತೆರೆದಿಡಲೇಬೇಕು. ಎರಡೂ ಮುಚ್ಚಿದ್ದರೆ ವ್ಯಸನಿ ಬೀದಿಯಲ್ಲೇ ಉಳಿಯುತ್ತಾನೆ.

ನಮ್ಮ ಕಾನೂನಿನಲ್ಲೂ ಒಂದು ಕಿಟಕಿ

ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಮಾದಕ ವಸ್ತು ಸೇವನೆ ಅಪರಾಧವೇ. ಹೆರಾಯಿನ್, ಕೊಕೇನ್ ಮುಂತಾದವುಗಳ ಸೇವನೆಗೆ ಒಂದು ವರ್ಷದವರೆಗೆ, ಇತರ ಮಾದಕ ವಸ್ತುಗಳಿಗೆ ಆರು ತಿಂಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದು. ನಮ್ಮ ಜೈಲುಗಳ ಸ್ಥಿತಿಯೇನೂ ಚೆನ್ನಾಗಿಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5 ಲಕ್ಷ 73 ಸಾವಿರ ಮಂದಿಯಿದ್ದರು. ನೂರು ಮಂದಿಯ ಜಾಗದಲ್ಲಿ 131 ಮಂದಿ! ಅವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು. ಅಂತಹ ಇಕ್ಕಟ್ಟಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಪಳಗಿದ ಅಪರಾಧಿಗಳ ನಡುವೆ ಆರು ತಿಂಗಳು ಕಳೆದರೆ ಏನನ್ನು ಕಲಿತು ಬಂದಾನು?

ಆದರೆ ಇದೇ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಹೆಚ್ಚಿನ ಮನೆಗಳಿಗೆ ಅದರ ಪರಿಚಯವಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು, ಸರಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆ ಅಥವಾ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ವ್ಯಸನ ಬಿಡಿಸುವ ಚಿಕಿತ್ಸೆ ಪಡೆದರೆ, ಆ ಪ್ರಕರಣದಲ್ಲಿ ಅವನ ಮೇಲೆ ಕಾನೂನು ಕ್ರಮದಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾರಾಟಕ್ಕೆ, ದೊಡ್ಡ ಪ್ರಮಾಣಕ್ಕೆ ಇದು ಅನ್ವಯಿಸದು. ಪ್ರಕರಣ ಈಗಾಗಲೇ ದಾಖಲಾಗಿದ್ದರೆ ವಕೀಲರನ್ನು ಕಂಡು ಈ ಸೆಕ್ಷನ್ ಬಗ್ಗೆ ಕೇಳುವುದು ಒಳ್ಳೆಯದು. ಪೋರ್ಚುಗಲ್ ಇಡೀ ಬಾಗಿಲನ್ನು ತೆರೆದರೆ ನಮ್ಮ ಕಾನೂನು ಒಂದು ಕಿಟಕಿಯನ್ನು ತೆರೆದಿಟ್ಟಿದೆ. ಕಿಟಕಿ ಇದೆಯೆಂದು ಗೊತ್ತಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ಓದುಗ ಸಹೋದರಿಯರು ಒಂದು ವಿಷಯವನ್ನು ನೆನಪಿಟ್ಟುಕೊಳ್ಳಬೇಕು. ವೈದ್ಯರ ಬಳಿಗೆ ಹೋಗುವುದೆಂದರೆ ಪೊಲೀಸರ ಬಳಿಗೆ ಹೋದಂತೆ ಅಲ್ಲ. ಕೇಂದ್ರ ಸರಕಾರದ 14446 ಎಂಬ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ವಿಭಾಗವಿದೆ. ಹತ್ತಿರದ ಸರಕಾರಿ ಆಸ್ಪತ್ರೆಯ ಮಾನಸಿಕ ರೋಗ ವಿಭಾಗದಲ್ಲಿ ವಿಚಾರಿಸಬಹುದು. ಹೊಡೆದು, ಕೂಡಿಹಾಕಿ ಗುಣಪಡಿಸುತ್ತೇವೆನ್ನುವವರ ಕೈಗೆ ಮಗನನ್ನು ಒಪ್ಪಿಸಬಾರದು. ಮಾನ್ಯತೆ ಇದೆಯೇ, ವೈದ್ಯರಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಚಿಕಿತ್ಸೆಯ ನಡುವೆ ಅವನು ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬಾರದು. ವ್ಯಸನದ ಚಿಕಿತ್ಸೆಯಲ್ಲಿ ಜಾರುವುದು, ಮತ್ತೆ ಏಳುವುದು ಸಾಮಾನ್ಯ ಎಂದು ವೈದ್ಯರೇ ಹೇಳುತ್ತಾರೆ.

ಕಾನೂನನ್ನು ಬದಲಾಯಿಸುವುದು ಸಂಸತ್ತಿನ ಕೆಲಸ. ಆದರೆ ಕೆಟ್ಟ ಮಗನನ್ನು ಮುಚ್ಚಿಡುವುದೋ, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದೋ ಎಂಬುದು ಮನೆಯೊಳಗೆ ತೀರ್ಮಾನವಾಗಬೇಕಾದ ವಿಷಯ. ನೆರೆಮನೆಯಲ್ಲಿ ಇಂತಹ ದುಃಖವಿದ್ದರೆ ಬೆರಳು ತೋರಿಸುವ ಬದಲು ಆ ತಾಯಿಗೆ ಈ ದಾರಿಯನ್ನು ತಿಳಿಸಿಕೊಡಿ. ಆಕೆ ಯಾರಾದರೂ ಕೇಳಲೆಂದು ಬಹಳ ದಿನಗಳಿಂದ ಕಾಯುತ್ತಿರಬಹುದು.